ಗೇಟಿನ ಬದಿಯ ಕುದುರೆಮೆಂತ್ಯ

ಹಾಲಿನ ಗಾಡಿಯವನಿಗೆ ಬಾಯಿ ಸುಮ್ಮನಿರುವುದಿಲ್ಲ. ಆರು ಊರಿನ ಹಾಲಿನ ಜೊತೆಗೆ ಆರು ಊರಿನ ಸುದ್ದಿಯನ್ನೂ ಹೊತ್ತು ತಿರುಗುತ್ತಾನೆ. ಹಾಲಾದರೂ ದಾರಿಯಲ್ಲಿ ಒಂದಿಷ್ಟು ಚೆಲ್ಲೀತು, ಸುದ್ದಿ ಒಂದು ಹನಿಯೂ ಚೆಲ್ಲುವುದಿಲ್ಲ. ಆವತ್ತು ಬೆಳಿಗ್ಗೆ ಅವನು ಗೆರೆಯಕ್ಕನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯುವ ತೊಂದರೆ ತೆಗೆದುಕೊಳ್ಳದೆ ಕಿಟಕಿಯಿಂದಲೇ ತಲೆ ಹೊರಹಾಕಿ ಕೂಗಿದ.

"ಗೆರೆಯಕ್ಕಾ, ನಿಮ್ಮ ತಮ್ಮನ ಹೊಲ ನೋಡಿದ್ರಾ? ಗೇಟಿನ ಹತ್ರ ಕುದುರೆಮೆಂತ್ಯದ ಮೇವು ಹೇಗೆ ಬಂದಿದೆ ಅಂದ್ರೆ, ನನಗೇ ಇಳಿದು ಎರಡು ಬಾಯಿ ಮೇಯೋಣ ಅನ್ನಿಸ್ತು!"

ಗೆರೆಯಕ್ಕ ಕೂರಿಗೆಯ ಸರಪಳಿಗೆ ಗ್ರೀಸು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಮೇಯಿ. ನೀರು ಬೆರೆಸೋದಾದ್ರೂ ತಪ್ಪುತ್ತೆ."

"ಅಯ್ಯೋ, ನಿಮ್ಮ ನಾಲಿಗೇನಾ! ಇರ್ಲಿ, ನನ್ನ ಪಾಲು ಉಳಿಯೋ ಹಾಗೆ ಕಾಣ್ಲಿಲ್ಲ. ಇವತ್ತು ಹಸುಗಳನ್ನ ಒಳಗೆ ಬಿಡ್ತಿದ್ದಾನೆ."

ಗ್ರೀಸಿನ ಬೆರಳು ಸರಪಳಿಯ ಮೇಲೆ ಹಾಗೇ ನಿಂತಿತು.

"ಇವತ್ತಾ? ಮುಂದಿನ ವಾರ ಅಂದಿದ್ದನಲ್ಲ?"

"ಇನ್ನು ಕಾದ್ರೆ ಹೂ ಬಿಡುತ್ತೆ, ಸೊಪ್ಪು ಬಲಿಯುತ್ತೆ ಅಂದ. ನಾನು ಹೊರಟಾಗ ಹನ್ನೊಂದು ಹಸುನೂ ಗೇಟಿನ ಹತ್ರ ನಿಂತಿದ್ವು, ಊಟದ ಗಂಟೆ ಹೊಡೆದ ಹಾಸ್ಟೆಲಿನ ಹಾಗೆ. ಯಜಮಾನಿ ಅಂತೂ ಹಣೆ ಕೊಟ್ಟು ಗೇಟನ್ನೇ ತಳ್ತಾ ಇದ್ಲು."

ಯಜಮಾನಿ ಎಂದರೆ ಹಿಂಡಿನ ಮುಂದಾಳು ಹಸು. ಎಲ್ಲೇ ಹೋದರೂ ಮೊದಲು ಹೊಕ್ಕು ಎಲ್ಲರಿಗಿಂತ ಜಾಸ್ತಿ ತಿನ್ನುವವಳು.

ಗಾಡಿ ಹೋಯಿತು. ಗೆರೆಯಕ್ಕ ಕೈ ಒರೆಸಿಕೊಳ್ಳದೆ ಹೊರಗೆ ಬಂದು ನೆಲ ನೋಡಿದಳು. ಹುಲ್ಲಿನ ತುದಿಯಲ್ಲೆಲ್ಲ ಇಬ್ಬನಿ ಇನ್ನೂ ಮುತ್ತಿನಂತೆ ಕೂತಿತ್ತು. ಬಿಸಿಲು ಮರದ ಬುಡಕ್ಕೂ ಇಳಿದಿರಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಕೂರಿಗೆಯಿಂದ. ಗಂಡ ತೀರಿಕೊಂಡಾಗ ಉಳಿದದ್ದು ಒಂದು ಹಳೇ ಟ್ರ್ಯಾಕ್ಟರು, ಅದರ ಹಿಂದೆ ಕಟ್ಟುವ, ಒಂದೇ ಸಲಕ್ಕೆ ಒಂಬತ್ತು ಸಾಲು ಬಿತ್ತುವ ಕೂರಿಗೆ. ಮಾರಿಬಿಡು ಎಂದವರೇ ಎಲ್ಲ. ಅವಳು ಮಾರಲಿಲ್ಲ, ತಾನೇ ಹತ್ತಿ ಕೂತಳು. ಮೊದಲ ವರ್ಷ ಅವಳ ಸಾಲುಗಳನ್ನು ನೋಡಿ ಜನ ಹಾವು ಹರಿದಂತಿದೆ ಎಂದು ನಕ್ಕರು. ಮೂರನೆಯ ವರ್ಷ ನಕ್ಕವರೇ ಬಂದು ದಿನ ಕೇಳಿದರು. ಈಗ ಎಂಟು ವರ್ಷ. ಅವಳು ಬಿತ್ತಿದ ಹೊಲ ಮೊಳೆತಾಗ ಒಂದು ತುದಿಯಲ್ಲಿ ನಿಂತು ನೋಡಿದರೆ ಇನ್ನೊಂದು ತುದಿಯಲ್ಲಿ ಓಡುವ ಇಲಿ ಕಾಣುತ್ತಿತ್ತು. ಅದಕ್ಕೆ ಅವಳು ಕಟ್ಟಿಕೊಂಡ ನೇಮ ಒಂದೇ: ಹೊಲದ ನಡುವೆ ಟ್ರ್ಯಾಕ್ಟರು ನಿಲ್ಲಿಸಬಾರದು. ನಿಲ್ಲಿಸಿದ ಕಡೆ ಬೀಜ ಗುಡ್ಡೆಯಾಗಿ ಬೀಳುತ್ತದೆ, ಮತ್ತೆ ಹೊರಟಾಗ ಮಾರುದ್ದ ಖಾಲಿ ಬಿಡುತ್ತದೆ. ಮೊಳೆತ ಮೇಲೆ ಅದು ಹೊಸ ಬಟ್ಟೆಗೆ ಹಾಕಿದ ತೇಪೆಯಂತೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ತಾನು ಬಿತ್ತಿದ ಮೇಲೆ ಅದರ ಮೇಲೆ ಯಾರೂ ಚಕ್ರ ಓಡಿಸಬಾರದು ಎನ್ನುವುದೂ ಅವಳ ಹಟವೇ. ತಾನೂ ಓಡಿಸಳು.

ಮಳೆಗಾಲ ಕಳೆದು ಚಳಿ ಬೀಳುವ ಮೊದಲು ತಮ್ಮ ಹೇಳಿದ್ದ: "ಅಕ್ಕ, ಈ ಸಲ ಓಟ್ಸು, ಕುದುರೆಮೆಂತ್ಯ ಎರಡನ್ನೂ ಕೂಡಿಸಿ ಹಾಕೋಣ. ಓಟ್ಸು ಚಳಿಗಾಲದ ಮೇವಾಗುತ್ತೆ. ಅದು ಮುಗಿಯೋ ಹೊತ್ತಿಗೆ ಕುದುರೆಮೆಂತ್ಯ ಬೇರು ಬಿಟ್ಟಿರುತ್ತೆ, ನಾಲ್ಕು ವರ್ಷ ಕುಯ್ಯಬಹುದು. ಆದ್ರೆ ಎರಡು ಸಲ ಓಡಿಸ್ಬೇಕು. ಮೊದಲು ಓಟ್ಸು ಎರಡು ಬೆರಳು ಆಳಕ್ಕೆ, ಆಮೇಲೆ ಅಡ್ಡಡ್ಡಕ್ಕೆ ಕುದುರೆಮೆಂತ್ಯ ಮೇಲೆ ಮೇಲೆ. ಹೊಲದ ತುಂಬ ಎರಡೂ ಸಮನಾಗಿ ಬರ್ಬೇಕು. ಪ್ರತಿ ಬಾಯಲ್ಲೂ ಓಟ್ಸು ಇದ್ರೇನೇ ಹಸುಗೆ ಕ್ಷೇಮ. ಬರೀ ಕುದುರೆಮೆಂತ್ಯ ಹಸಿಹಸಿಯಾಗಿ ತಿಂದ್ರೆ ಹೊಟ್ಟೆ ಉಬ್ಬುತ್ತೆ."

"ನನಗೇ ಹೇಳ್ಕೊಡು," ಎಂದಿದ್ದಳು ಅವಳು.

ಬಿತ್ತುವ ದಿನ ಮೋಡ ಕವಿದಿತ್ತು. ಮಳೆ ಬರುವ ಮೊದಲು ಒಂದೇ ಸಲಕ್ಕೆ ಮುಗಿಸಲು ಮೋಡ ಒಂದು ನೆಪ. ನಿಜ ಏನೆಂದರೆ ತನ್ನ ಸಾಲುಗಳ ಮೇಲೆ ತಾನೇ ಅಡ್ಡಡ್ಡ ಚಕ್ರ ಓಡಿಸಲು ಅವಳ ಮನಸ್ಸು ಒಪ್ಪಲಿಲ್ಲ. ತಮ್ಮ ಸಂತೆಗೆ ಹೋಗಿದ್ದ. ಅವಳು ಅವನ ಕೊಟ್ಟಿಗೆಯ ಮುಂದೆಯೇ ಎರಡೂ ಚೀಲದ ಬೀಜವನ್ನು ಕೂರಿಗೆಯ ಬೀಜದ ಪೆಟ್ಟಿಗೆಗೆ ಒಟ್ಟಿಗೇ ಸುರಿದು, ಕೈಯಾಡಿಸಿ ಬೆರೆಸಿ, ಆಳವನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತೆ ಇಟ್ಟು ಮುಚ್ಚಳ ಹಾಕಿದಳು. ಕೊಟ್ಟಿಗೆಯಿಂದ ಹೊಲದ ಗೇಟಿನವರೆಗೆ ಜಲ್ಲಿಕಲ್ಲಿನ ದಾರಿ. ದಾರಿಯುದ್ದಕ್ಕೂ ಪೆಟ್ಟಿಗೆ ಗಡಗಡ ನಡುಗಿತು. ಕುದುರೆಮೆಂತ್ಯದ ಬೀಜ ಸಾಸಿವೆಗಿಂತ ಸಣ್ಣದು, ಓಟ್ಸಿನದು ಅದರ ಮುಂದೆ ದೋಣಿಯಷ್ಟು ದೊಡ್ಡದು. ಜಲ್ಲಿಯ ಸಂದಿನಲ್ಲಿ ಮರಳು ಇಳಿಯುವ ಹಾಗೆ ಸಣ್ಣ ಬೀಜವೆಲ್ಲ ತಳಕ್ಕೆ ಇಳಿಯಿತು. ಕೂರಿಗೆಯಿಂದ ಮೊದಲು ಬೀಳುವುದು ತಳದ ಬೀಜವೇ. ನಡುನಡುವೆ ನಿಲ್ಲಿಸಿ ಮುಚ್ಚಳ ತೆಗೆದು ಕಲಕಿದ್ದರೆ ತಿಳಿಯುತ್ತಿತ್ತು. ಹೊಲದ ನಡುವೆ ನಿಲ್ಲಿಸುವವಳಲ್ಲವಲ್ಲ ಅವಳು! ಗೇಟಿನ ಬದಿಯಿಂದ ಶುರು ಮಾಡಿ, ಒಂದೇ ಉಸಿರಿಗೆ ಆಚೆಯ ಬೇಲಿಯವರೆಗೆ ಗೆರೆ ಎಳೆದು ಮುಗಿಸಿದಳು.

ಸಂಜೆ ತಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಎರಡು ಸಲ ಆಯ್ತಾ ಅಕ್ಕ?"

"ಆಯ್ತು."

ಮೂರು ವಾರಕ್ಕೆ ಮೊಳಕೆ ನೋಡಿದ ಕೂಡಲೇ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಗೇಟಿನ ಬದಿಯ ಎಂಟು ಹತ್ತು ಸುತ್ತು ಬರೀ ಕುದುರೆಮೆಂತ್ಯ, ಕಂಬಳಿ ಹಾಸಿದ ಹಾಗೆ. ಓಟ್ಸು ಅಲ್ಲೊಂದು ಇಲ್ಲೊಂದು. ಅಲ್ಲಿಂದಾಚೆ ಬರೀ ಓಟ್ಸು. ತಮ್ಮ ಮಾತ್ರ, "ಆ ಕಡೆ ಮಣ್ಣು ಗಟ್ಟಿ ಅಕ್ಕ, ಕುದುರೆಮೆಂತ್ಯ ನಿಧಾನಕ್ಕೆ ಏಳುತ್ತೆ," ಎಂದ. ಅವಳ ಕೆಲಸವನ್ನು ಅವನು ಒಂದು ದಿನವೂ ಬಗ್ಗಿ ನೋಡಿದವನಲ್ಲ. ತನ್ನ ಕಣ್ಣಿಗಿಂತ ಅಕ್ಕನ ಮಾತು ಅವನಿಗೆ ದೊಡ್ಡದು. ಅವಳು ಹೂಂ ಎಂದಳು. ಹಸು ಬಿಡುವ ಮೊದಲು ಹೇಳಿದರಾಯಿತು ಎಂದುಕೊಂಡಳು. ಹಾಗೆ ಅಂದುಕೊಂಡೇ ಎರಡು ತಿಂಗಳು ಕಳೆದವು. ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗುವುದೂ ರೂಢಿಯಾಯಿತು.

ಈಗ ಅವಳು ತಮ್ಮನಿಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಹಾಲು ಕರೆಯುವಾಗ ಫೋನನ್ನು ಕಿಟಕಿಯ ಮೇಲಿಟ್ಟು ಮರೆಯುವುದು ಅವನ ಹಳೇ ಚಾಳಿ. ತಮ್ಮನ ಹೆಂಡತಿಗೆ ಮಾಡಿದಳು. ಅವಳೂ ಎತ್ತಲಿಲ್ಲ.

'ಒಂದು ಗಂಟೆ ಮೇಯ್ದರೆ ಏನೂ ಆಗಲಿಕ್ಕಿಲ್ಲ' ಎಂದುಕೊಂಡಳು. ಅಂದುಕೊಳ್ಳುತ್ತಲೇ ಪಿಕಪ್ಪಿನ ಕೀಲಿ ಹುಡುಕುತ್ತಿದ್ದಳು.

ತಮ್ಮನ ಮನೆಗೆ ಹನ್ನೆರಡು ನಿಮಿಷದ ದಾರಿ. ಅಷ್ಟರಲ್ಲಿ ಅವಳು ಮೂರು ಮಾತು ಕಟ್ಟಿ ಮೂರನ್ನೂ ಮುರಿದಳು. ಬೀಜದಂಗಡಿಯವನು ಮೋಸ ಮಾಡಿದ ಎನ್ನಬಹುದು. ಅವನು ಪಾಪ, ಎರಡು ಚೀಲಕ್ಕೂ ಚೀಟಿ ಅಂಟಿಸಿಯೇ ಕೊಟ್ಟಿದ್ದ. ಕೂರಿಗೆ ಕೈಕೊಟ್ಟಿತು ಎನ್ನಬಹುದು. ಎಂಟು ವರ್ಷ ಅನ್ನ ಹಾಕಿದ ಕೂರಿಗೆ ಅದು, ಅದರ ಮೇಲೆ ಹೊರಿಸುವುದೆ? ಯಾಕೋ ಇವತ್ತು ಬೇಡ ಅನ್ನಿಸುತ್ತಿದೆ, ಇಬ್ಬನಿ ಆರಲಿ ಎನ್ನಬಹುದು. ಇದು ಪರವಾಗಿಲ್ಲ. ಸುಳ್ಳೂ ಅಲ್ಲ, ನಿಜವನ್ನು ಬಿಚ್ಚಿಡಬೇಕಾಗಿಯೂ ಇಲ್ಲ. ಹಸುಗಳು ಇನ್ನೂ ಹೊರಗೇ ಇದ್ದರೆ ಅಷ್ಟು ಸಾಕು. ಇದ್ದರೆ.

ತಿರುವು ದಾಟಿದಾಗಲೇ ಕಂಡಿತು. ಗೇಟು ತೆರೆದಿತ್ತು. ಹಸುಗಳು ಮೊಣಕಾಲು ಮುಚ್ಚುವ ಹಸಿರಿನಲ್ಲಿ ಮೂತಿ ಹುದುಗಿಸಿ ನಿಂತಿದ್ದವು. ಒಂದೂ ಮುಂದೆ ಆಚೆ ಓಟ್ಸಿನ ಕಡೆಗೆ ಹೋಗಿರಲಿಲ್ಲ. ಬಾಗಿಲಲ್ಲೇ ಇಷ್ಟು ರುಚಿ ಸಿಕ್ಕಿದ ಮೇಲೆ ಯಾವ ಹಸು ಮುಂದೆ ಹೋಗುತ್ತದೆ?

ಗೇಟಿನ ಹೊರಗೆ ಯಜಮಾನಿ ಕಾಲು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ ನಿಂತಿದ್ದಳು. ಬಾಯಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ತಮ್ಮ ಅವಳ ಬಾಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದ. ಅವನ ಹೆಂಡತಿ ಒಂದು ಕೈಯಲ್ಲಿ ಮೂಗುದಾರ, ಇನ್ನೊಂದರಲ್ಲಿ ಫೋನು ಹಿಡಿದಿದ್ದಳು.

"ಬಾ ಅಕ್ಕ, ಬಾ, ಒಳ್ಳೆ ಹೊತ್ತಿಗೆ ಬಂದೆ!" ತಮ್ಮ ತಲೆ ತಿರುಗಿಸದೆ ಕೂಗಿದ. "ಇವಳ ಕೊಂಬು ಹಿಡ್ಕೋ. ಬೆಳಿಗ್ಗೆ ಸಣ್ಣ ಆಲೂಗೆಡ್ಡೆ ಒಂದು ಬುಟ್ಟಿ ಹಾಕಿದ್ದೆ. ಹೊಟ್ಟೆಬಾಕಿ, ಅಗಿಯದೆ ನುಂಗಿದ್ದಾಳೆ. ಒಂದು ಗಂಟಲಲ್ಲಿ ಸಿಕ್ಕಿಕೊಂಡಿರ್ಬೇಕು."

ಗೆರೆಯಕ್ಕ ಕೊಂಬು ಹಿಡಿದಳು. ಹಿಡಿದ ಕಡೆಯಿಂದ ಹಸುವಿನ ಎಡಪಕ್ಕೆ ಕಾಣುತ್ತಿತ್ತು. ಸೊಂಟದ ಮೂಳೆಯ ಮುಂದೆ ಸದಾ ಗುಳಿಬಿದ್ದಿರುವ ಜಾಗ ಈಗ ಗಾಳಿ ತುಂಬಿದ ಟ್ಯೂಬಿನಂತೆ ಬೆನ್ನಿಗಿಂತ ಮೇಲೆ ಎದ್ದಿತ್ತು.

"ಗಂಟಲಲ್ಲಿ ಏನಾದ್ರೂ ಸಿಕ್ತಾ?"

"ಕೈಗೆ ಸಿಕ್ತಿಲ್ಲ. ಇನ್ನೂ ಕೆಳಗಿರ್ಬೇಕು."

"ಉಳಿದವುಗಳನ್ನ ಹೊರಗೆ ಹೊಡಿ," ಎಂದಳು ಅವಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ಇಬ್ಬನಿ ಆರಿಲ್ಲ. ಹೊಡಿ ಮೊದ್ಲು."

"ಅವು ಆರಾಮಾಗಿ ಮೇಯ್ತಿವೆ, ಬಿಡು. ಇವಳ ಗತಿ ನೋಡೋಣ. ಇಬ್ಬನಿಗೆ ಹೆದರೋಕೆ ಅದೇನು ಬರೀ ಕುದುರೆಮೆಂತ್ಯಾನಾ?"

ಹೆಂಡತಿಯ ಕೈಯಲ್ಲಿದ್ದ ಫೋನಿನಿಂದ ದನದ ಡಾಕ್ಟರ ದನಿ ಬಂತು. ಜೋರಾಗಿ ಕೇಳುವಂತೆ ಅವಳು ಅದನ್ನು ಎತ್ತಿ ಹಿಡಿದಳು. ಡಾಕ್ಟರು ಬೇರೆ ಊರಿನಲ್ಲಿ ಹೆರಿಗೆಯಲ್ಲಿ ಸಿಕ್ಕಿಕೊಂಡ ಒಂದು ಕರುವನ್ನು ಹೊರಗೆ ಎಳೆಯುತ್ತಿದ್ದರು. ಹೊರಟರೂ ಮುಕ್ಕಾಲು ಗಂಟೆ ಬೇಕು.

"ಈಗ ಸರಿಯಾಗಿ ಕೇಳಿ," ಎಂದರು ಡಾಕ್ಟರು. "ಎಡಗಡೆ ಉಬ್ಬಿದೆ ಅಂತೀರಿ. ಎರಡರಲ್ಲಿ ಒಂದು. ಗಂಟಲಲ್ಲಿ ಏನೋ ಸಿಕ್ಕಿ ಗಾಳಿ ಹೊರಗೆ ಬರ್ತಿಲ್ಲ, ಅಥವಾ ಹಸಿ ಮೇವಿಂದ ಹೊಟ್ಟೇಲಿ ನೊರೆ ಕಟ್ಟಿದೆ. ನೊರೆ ಆಗಿದ್ರೆ ತಕ್ಷಣ ಎಣ್ಣೆ ಕುಡಿಸ್ಬೇಕು. ಗಂಟಲು ಕಟ್ಟಿದ್ರೆ ಒಂದು ಹನಿ ಕುಡಿಸ್ಬಾರ್ದು, ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಸಾಯುತ್ತೆ. ಅದಕ್ಕೇ ಕೇಳ್ತಿದ್ದೀನಿ. ಎಂಥ ಮೇವು ಅದು?"

ತಮ್ಮ ಫೋನಿನ ಕಡೆ ಬಾಗಿದ. "ಮಿಶ್ರಣ ಸಾರ್. ಓಟ್ಸು ಜಾಸ್ತಿ, ಕುದುರೆಮೆಂತ್ಯ ಕಮ್ಮಿ."

"ಸಮ ಬೆರೆತಿದೆಯಾ? ಕೆಲವರು ಹೇಗೆ ಹೇಗೋ ಬಿತ್ತಿರ್ತಾರೆ."

"ಇಲ್ಲ ಸಾರ್. ನಮ್ಮಕ್ಕನೇ ಎರಡು ಸಲ ಓಡಿಸಿ ಬಿತ್ತಿರೋದು. ಅವಳ ಕೆಲಸದಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಇರಲ್ಲ. ಇಲ್ಲೇ ಇದ್ದಾಳೆ ಬೇಕಾದ್ರೆ ಕೇಳಿ."

"ಹಾಗಿದ್ರೆ ಗಂಟಲೇ. ಎಣ್ಣೆ ಮುಟ್ಟಬೇಡಿ. ನಾನು ಬರೋವರೆಗೆ..."

ಯಜಮಾನಿ ಒಂದು ಸಲ ನರಳಿದಳು. ಕೊಂಬು ಹಿಡಿದ ಗೆರೆಯಕ್ಕನ ಕೈಗೆ ಆ ನರಳಿಕೆ ಇಳಿಯಿತು. ಗೇಟಿನ ಒಳಗೆ ಹಸುಗಳು ಕಿತ್ತು ತಿನ್ನುವ ಶಬ್ದ, ಕರಕ್ ಕರಕ್, ಬಟ್ಟೆ ಹರಿದಂತೆ. ಈಗ ಹೇಳಿದರೆ ಈ ಒಂದು ಹೊಲದ ಮಾತಲ್ಲ, ಎಂಟು ವರ್ಷದಲ್ಲಿ ಎಳೆದ ಎಲ್ಲ ಗೆರೆಯ ಮಾತು. ಹೇಳದಿದ್ದರೆ? ಹೇಳದಿದ್ದರೆ ಹಸು ಸಾಯುತ್ತದೆ, ಆಲೂಗೆಡ್ಡೆಯಿಂದ ಸತ್ತಿತು ಎಂದು ತಮ್ಮ ತನ್ನ ಹಣೆಯನ್ನೇ ಚಚ್ಚಿಕೊಳ್ಳುತ್ತಾನೆ. ಇನ್ನೂ ಹತ್ತು ಒಳಗಿವೆ.

"ಡಾಕ್ಟ್ರೇ," ಎಂದಳು. "ಮಿಶ್ರಣ ಅಲ್ಲ."

"ಏನಂದ್ರಿ?"

"ನಾನು ಎರಡು ಸಲ ಓಡಿಸ್ಲಿಲ್ಲ. ಒಂದೇ ಪೆಟ್ಟಿಗೇಲಿ ಹಾಕ್ದೆ. ಸಣ್ಣ ಬೀಜ ಎಲ್ಲ ತಳಕ್ಕೆ ಹೋಯ್ತು. ಗೇಟಿನ ಈ ಬದಿ ಇರೋದು ಬರೀ ಕುದುರೆಮೆಂತ್ಯ. ಓಟ್ಸೆಲ್ಲ ಆ ಕಡೆ ಇದೆ. ಹನ್ನೊಂದು ಹಸುನೂ ಇದನ್ನೇ ತಿಂದಿವೆ, ಇಬ್ಬನಿ ಸಮೇತ."

ತಮ್ಮ ಹಸುವಿನ ಬಾಯಿಂದ ಕೈ ತೆಗೆದ. ಜೊಲ್ಲು ಸುರಿಯುವ ಆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಅಕ್ಕನ ಮುಖ ನೋಡಿದ. ಗೇಟಿನಾಚೆ ತಿರುಗಿ, ದಿನವೂ ನೋಡುತ್ತಿದ್ದ ಹೊಲವನ್ನು ಆವತ್ತು ಮೊದಲ ಸಲ ನೋಡಿದ.

ಡಾಕ್ಟರು ಬೈಯುವುದಕ್ಕೆ ಹೊತ್ತು ಕಳೆಯಲಿಲ್ಲ. "ಎಲ್ಲವನ್ನೂ ಹೊರಗೆ ಹೊಡೀರಿ, ಈ ನಿಮಿಷ! ಅಡುಗೆ ಎಣ್ಣೆ ಎಷ್ಟಿದೆಯೋ ಅಷ್ಟೂ ತನ್ನಿ. ಉಬ್ಬಿದ ಒಂದೊಂದಕ್ಕೂ ಎರಡು ಲೋಟ, ನಿಧಾನಕ್ಕೆ, ತಲೆ ಬಹಳ ಎತ್ತಬೇಡಿ. ಬಾಯಿಗೆ ಅಡ್ಡ ಕೋಲು ಕಟ್ಟಿ, ಅಗೀತಾ ಇರಲಿ. ಮಲಗೋಕೆ ಬಿಡಬೇಡಿ, ಏರಿನ ಕಡೆ ನಡೆಸಿ. ಹೊರಟೆ ನಾನು."

ತಮ್ಮನ ಹೆಂಡತಿ ಮನೆಯ ಕಡೆ ಓಡಿದಳು. ತಮ್ಮ ಹೊಲಕ್ಕೆ ನುಗ್ಗಿದ. ಗೆರೆಯಕ್ಕ ಯಜಮಾನಿಯನ್ನು ಗೇಟಿನ ಕಂಬಕ್ಕೆ ಕಟ್ಟಿ ಅವನ ಹಿಂದೆ ಓಡಿದಳು.

ಬಾಯಿಗೆ ರುಚಿ ಹತ್ತಿದ ಹಸುವನ್ನು ಹೊರಡಿಸುವುದು ಎಂದರೆ ಹೊಳೆಯನ್ನು ಹಿಂದಕ್ಕೆ ನೂಕಿದ ಹಾಗೆ. ಒಂದನ್ನು ಗೇಟಿನತ್ತ ತಿರುಗಿಸಿದರೆ ಎರಡು ನುಣುಚಿಕೊಂಡು ಒಳಗೆ ಹೋಗುತ್ತವೆ. ತಮ್ಮ ಕೂಗುತ್ತ, ಬಾಲ ಮುರಿಯುತ್ತ ಓಡಾಡಿದ. ಅವಳು ಕೈಗೆ ಸಿಕ್ಕ ಪೈಪಿನ ತುಂಡಿನಿಂದ ಗೇಟಿನ ತಗಡನ್ನು ಬಡಿದಳು. ಅಂತೂ ಆರು ಹೊರಬಂದವು. ಆಮೇಲೆ ಮೂರು. ಬಂದವುಗಳಲ್ಲಿ ಎರಡರ ಎಡಪಕ್ಕೆ ಆಗಲೇ ಏಳುತ್ತಿತ್ತು.

"ಹತ್ತನೇದು ಎಲ್ಲಿ?" ಎಂದ ತಮ್ಮ.

ಹತ್ತನೆಯದು ಮೌನಿ. ಯಾರನ್ನೂ ಹಾಯದ, ಯಾರ ಮುಂದೂ ನುಗ್ಗದ, ಹಾಲು ಕರೆಯುವವರಿಗೆ ಇದ್ದದ್ದೇ ಗೊತ್ತಾಗದ ಕಂದು ಹಸು. ಎಲ್ಲರನ್ನೂ ಮುಂದೆ ಬಿಟ್ಟು ಬೇಲಿಯ ಮೂಲೆಯಲ್ಲಿ, ಕುದುರೆಮೆಂತ್ಯ ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ, ಒಬ್ಬಳೇ ಹೊಟ್ಟೆ ತುಂಬ ಮೇಯ್ದಿದ್ದಳು. ಅವರು ನೋಡುತ್ತಿದ್ದಂತೆಯೇ ಅವಳ ಮುಂಗಾಲು ಮಡಚಿತು. ಕೂತವಳು ಪಕ್ಕಕ್ಕೆ ವಾಲಿದಳು.

"ಏಳೇ! ಏಳೇ ತಾಯಿ!" ತಮ್ಮ ಬೆನ್ನಿಗೆ ಹೆಗಲು ಕೊಟ್ಟು ಎತ್ತಿದ. ಗೆರೆಯಕ್ಕ ಬಾಲ ಹಿಡಿದು ಎಳೆದಳು. ಅಷ್ಟು ದೊಡ್ಡ ದೇಹ ಅಲುಗಿತೇ ಹೊರತು ಏಳಲಿಲ್ಲ. ನಾಲಿಗೆ ಹೊರಗೆ ಬಿದ್ದಿತ್ತು. ತಮ್ಮನ ಹೆಂಡತಿ ಎಣ್ಣೆಯ ಡಬ್ಬಿ, ಬಾಟಲಿ, ಹಗ್ಗ ಹಿಡಿದು ಏದುಸಿರು ಬಿಡುತ್ತ ಬಂದವಳು, ಯಾರ ಹತ್ತಿರ ಹೋಗುವುದೆಂದು ತಿಳಿಯದೆ ಗೇಟಿನಲ್ಲಿ ಒಂದು ಕ್ಷಣ ನಿಂತಳು.

"ನೀನು ಯಜಮಾನಿಗೆ ಕುಡಿಸು! ಇವಳಿಗೆ ಇನ್ನು ಎಣ್ಣೆ ಇಳಿಯಲ್ಲ," ಎಂದು ಕೂಗಿದ ತಮ್ಮ, ಪಕ್ಕೆ ಚುಚ್ಚಿ ಗಾಳಿ ಬಿಡಲೆಂದು ಸೊಂಟದಿಂದ ಹಗ್ಗ ಕತ್ತರಿಸುವ ಚಾಕು ತೆಗೆದ. ಡಾಕ್ಟರಿಗೆ ಮತ್ತೆ ಫೋನು ಹಚ್ಚಿ ಗೆರೆಯಕ್ಕ ಹಿಡಿದಳು. ಡಾಕ್ಟರು ಹೇಳುತ್ತ ಹೋದರು, ಅವಳು ತಮ್ಮನ ಕೈ ಹಿಡಿದು ಜಾಗ ತೋರಿಸುತ್ತ ಹೋದಳು: ಸೊಂಟದ ಮೂಳೆ ಇಲ್ಲಿ, ಕೊನೆಯ ಪಕ್ಕೆಲುಬು ಇಲ್ಲಿ, ಎರಡರ ನಡುವೆ ಎಲ್ಲಕ್ಕಿಂತ ಎತ್ತರಕ್ಕೆ ಎದ್ದಿರುವ ಕಡೆ, ಕೆಳಮುಖವಾಗಿ, ಒಂದೇ ಏಟಿಗೆ. ಇಬ್ಬರ ಕೈಯೂ ಕೂಡಿ ಚಾಕು ಒಳಗೆ ಹೋಯಿತು.

ಗಾಳಿ ಬುಸ್ಸೆಂದು ಬರಬೇಕಿತ್ತು, ಬರಲಿಲ್ಲ. ಹಸಿರು ನೊರೆ ಗುಳುಗುಳು ಎಂದು ಒಂದಿಷ್ಟು ಉಕ್ಕಿ ಗಾಯದ ಬಾಯಿ ಕಟ್ಟಿಕೊಂಡಿತು. ತಮ್ಮ ಚಾಕು ತಿರುಗಿಸಿದ. ಇನ್ನಷ್ಟು ನೊರೆ. ಮೌನಿ ಕಾಲು ಒಂದು ಸಲ ಉದ್ದಕ್ಕೆ ಚಾಚಿದಳು. ಆಮೇಲೆ ಚಾಚಿದ ಕಾಲು ಹಾಗೇ ಉಳಿಯಿತು.

ತಮ್ಮ ಚಾಕುವನ್ನು ಮಣ್ಣಿಗೆ ಚುಚ್ಚಿ ಎದ್ದ. ಅಳುವುದಕ್ಕೂ ಬಿಡುವಿರಲಿಲ್ಲ, ಗೇಟಿನ ಹೊರಗೆ ಇನ್ನೂ ಮೂರು ಉಬ್ಬಿದ್ದವು.

ಯಜಮಾನಿಗೆ ಎಣ್ಣೆ ಇಳಿದಿತ್ತು. ಅವಳ ಬಾಯಿಗೆ ಅಡ್ಡ ಕೋಲು ಕಟ್ಟಿ ಕೊಂಬಿಗೆ ಬಿಗಿದರು. ಉಳಿದ ಎರಡಕ್ಕೂ ಕುಡಿಸಿದರು. ಒಬ್ಬೊಬ್ಬರು ಒಂದೊಂದನ್ನು ಹಿಡಿದು ಕೊಟ್ಟಿಗೆಯ ಹಿಂದಿನ ಏರಿನಲ್ಲಿ ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ನಡೆಸಿದರು. ಗೆರೆಯಕ್ಕ ಹಿಡಿದಿದ್ದು ಯಜಮಾನಿಯನ್ನು. ಪ್ರತಿ ಹೆಜ್ಜೆಗೂ ಆ ಹಸು ನಿಲ್ಲುತ್ತಿತ್ತು, ಮಂಡಿ ಸಡಿಲ ಮಾಡುತ್ತಿತ್ತು. ಪ್ರತಿ ಸಲವೂ ಅವಳು ಹಗಲೆಲ್ಲ ಬೈಯುವಷ್ಟನ್ನು ಒಂದೇ ಉಸಿರಿಗೆ ಬೈದು, ಕಿವಿ ಹಿಂಡಿ ಎಳೆಯುತ್ತಿದ್ದಳು. "ನಡಿಯೇ ಹೊಟ್ಟೆಬಾಕಿ. ನಡಿ. ಕೂತೀಯ ಜೋಕೆ. ನೀನು ಕೂತ್ರೆ ನಾನು ಏಳಲ್ಲ."

ನಾಲ್ಕನೆಯ ಸುತ್ತಿಗೆ ಯಜಮಾನಿ ಕತ್ತು ಚಾಚಿ ನಿಂತಳು. ಒಳಗೆಲ್ಲೋ ಆಳದಲ್ಲಿ ಗುಡುಗಿದಂತಾಯಿತು. ಬಾಯಿಂದ ದೊಡ್ಡದೊಂದು ತೇಗು, ಕೊಳೆತ ಸೊಪ್ಪು ಮತ್ತು ಎಣ್ಣೆಯ ವಾಸನೆ ಹೊತ್ತು, ಗೆರೆಯಕ್ಕನ ಮುಖಕ್ಕೇ ಬಡಿಯಿತು. ಹಿಂದೆಯೇ ಇನ್ನೊಂದು. ಲೋಕದಲ್ಲಿ ಅಷ್ಟು ಒಳ್ಳೆಯ ವಾಸನೆಯನ್ನು ಅವಳು ಯಾವತ್ತೂ ಮೂಸಿರಲಿಲ್ಲ.

ಡಾಕ್ಟರು ಬರುವ ಹೊತ್ತಿಗೆ ಮೂರರ ಪಕ್ಕೆಯೂ ಇಳಿಯತೊಡಗಿತ್ತು. ಅವರು ಕೊಳವೆ ಇಳಿಸಿ, ಔಷಧಿ ಹಾಕಿ, ಒಂದೊಂದರ ಹೊಟ್ಟೆಗೂ ಕಿವಿ ಕೊಟ್ಟು ಕೇಳಿದರು. ಕೊನೆಗೆ ಬೇಲಿಯ ಮೂಲೆಗೆ ಹೋಗಿ ಮೌನಿಯ ಪಕ್ಕ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತು ಬಂದರು. "ಬರೀ ನೊರೆ. ಚಾಕು ನಾನು ಹಾಕಿದ್ರೂ ಅಷ್ಟೇ ಆಗ್ತಿತ್ತು," ಎಂದರು.

ತಮ್ಮನ ಹೆಂಡತಿ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸುತ್ತಿದ್ದಳು. "ಅತ್ತಿಗೆ, ಒಂದು ಮಾತು ಕೇಳ್ತೀನಿ," ಎಂದಳು. "ನೀವು ಬಂದು ಕೊಂಬು ಹಿಡ್ಕೊಂಡು ಎಷ್ಟು ಹೊತ್ತು ಸುಮ್ಮನೆ ನಿಂತಿದ್ರಿ?"

"ಗೊತ್ತಾಗ್ಲಿಲ್ಲ."

"ನನಗೆ ಗೊತ್ತಾಯ್ತು. ಫೋನು ನನ್ನ ಕೈಲಿತ್ತಲ್ಲ, ನಿಮಿಷ ಓಡೋದು ಕಾಣ್ತಿತ್ತು."

"ಅದಲ್ಲಮ್ಮ," ಎಂದರು ಡಾಕ್ಟರು ನಡುವೆ, "ಎರಡು ನಿಮಿಷ ಆಚೀಚೆ ಆಗಿದ್ರೂ ಆ ಹಸು ಉಳೀತಿರ್ಲಿಲ್ಲ." ಅದು ನಿಜವೋ, ಸಮಾಧಾನವೋ, ಅವರ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಗೆರೆಯಕ್ಕ ಅದನ್ನು ಹಿಡಿದು ನೇತಾಡಲು ಹೋಗಲಿಲ್ಲ. ಎರಡು ನಿಮಿಷದ ಮಾತಾಗಿದ್ದರೆ ಬೇರೆ. ಅವಳು ಸುಮ್ಮನಿದ್ದದ್ದು ಎರಡು ತಿಂಗಳು.

"ನಂದೇ ತಪ್ಪು," ಎಂದಳು ತಮ್ಮನಿಗೆ. "ಚಕ್ರದ ಗುರುತು ಬೀಳುತ್ತೆ ಅಂತ ಎರಡನೇ ಸಲ ಓಡಿಸ್ಲಿಲ್ಲ. ಇನ್ನೇನೂ ಕಾರಣ ಇಲ್ಲ."

ತಮ್ಮ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದ. ಒಂದು ಬೂಟು ಮುಗಿಸಿ ಇನ್ನೊಂದು ಎತ್ತಿಕೊಂಡ. ಅವನು ರೇಗಿ ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಚಿಕ್ಕಂದಿನಲ್ಲಿ ಅವನು ರೇಗಿದರೆ ಅವಳು ಒಂದು ಬಿಗಿಯುತ್ತಿದ್ದಳು, ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತಿತ್ತು. ಇದು ಹಾಗೆ ಮುಗಿಯುವುದಲ್ಲ.

ಎರಡನೆಯ ಬೂಟಿನ ಅರ್ಧಕ್ಕೆ ಅವನ ಕಡ್ಡಿ ನಿಂತಿತು.

"ಅಕ್ಕ. ಈ ಸಲ ಇದೇ ಮಿಶ್ರಣ ಇನ್ನೂ ಎಷ್ಟು ಹೊಲಕ್ಕೆ ಬಿತ್ತಿದ್ದೀಯ?"

"ಮೂರು."

"ಹೇಗೆ ಬಿತ್ತಿದ್ದು?"

"ಹೀಗೇ."

"ಫೋನು ತೆಗಿ," ಎಂದ ತಮ್ಮ.

ಮೊದಲನೆಯವರು ನಿವೃತ್ತ ಮೇಷ್ಟ್ರು. ಅವಳು ಪೀಠಿಕೆ ಹಾಕಲಿಲ್ಲ. "ಮೇಷ್ಟ್ರೇ, ಹಸು ಹೊಲಕ್ಕೆ ಬಿಟ್ರಾ?... ಬಿಡಬೇಡಿ. ನಾನು ಬಿತ್ತಿದ್ದು ತಪ್ಪಾಗಿದೆ. ಶುರುವಿನ ಸಾಲೆಲ್ಲ ಬರೀ ಕುದುರೆಮೆಂತ್ಯ. ಕುಯ್ದು ಬಾಡಿಸಿ, ಒಣಹುಲ್ಲಿನ ಜೊತೆ ಹಾಕಿ." ಮೇಷ್ಟ್ರು, "ನೀವೇನಾ ಮಾತಾಡ್ತಿರೋದು ಗೆರೆಯಕ್ಕ?" ಎಂದು ಕೇಳಿದರು. ಬೈಗುಳ ಆಗಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಎರಡನೆಯವನು ಇಟ್ಟಿಗೆ ಭಟ್ಟಿಯ ಧಣಿ. ಅವನು ಪೂರ್ತಿ ಕೇಳಿಸಿಕೊಂಡು, ಅವಳನ್ನೂ ಅವಳ ಕೂರಿಗೆಯನ್ನೂ ಸೇರಿಸಿ ನಾಲ್ಕು ಆಡಿ, ಇನ್ನು ಮೇಲೆ ತನ್ನ ಹೊಲದ ಬದುವನ್ನೂ ತುಳಿಯಬೇಡ ಎಂದು ಫೋನು ಕುಕ್ಕಿದ. ಕೇಳಿಸಿಕೊಂಡನಲ್ಲ, ಅಷ್ಟು ಸಾಕು.

ಮೂರನೆಯವಳು ಹೊಲಿಗೆಯಮ್ಮ. ದಾರಿಬದಿಯ ಒಂದು ಕೋಣೆಯಲ್ಲಿ ಬಟ್ಟೆ ಹೊಲಿದು ಬದುಕುವವಳು. ಇರುವುದು ಎರಡೇ ಹಸು, ಎರಡೂ ಕರು ಹಾಕುವ ದಿನದಲ್ಲಿದ್ದವು. ಫೋನು ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ನಿಂತಿತು. ಹೊಲಿಗೆ ಯಂತ್ರ ಓಡುವಾಗ ಅವಳಿಗೆ ಏನೂ ಕೇಳಿಸುವುದಿಲ್ಲ. ಅಥವಾ ಅವಳು ಒಳಗಿಲ್ಲ, ಹಸು ಹೊಡೆದುಕೊಂಡು ಹೊಲದ ಕಡೆ ಹೋಗಿದ್ದಾಳೆ.

ಗೆರೆಯಕ್ಕ ಕೀಲಿ ತೆಗೆದುಕೊಂಡು ಓಡಿ ಪಿಕಪ್ಪು ಹತ್ತಿದಳು. ಗಾಡಿ ಶುರುವಾಗುವ ಮೊದಲೇ ಆಚೆ ಬಾಗಿಲು ತೆರೆಯಿತು. ತಮ್ಮ, ಉಳಿದ ಎಣ್ಣೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತ. ಅಂಗಿಯ ತೋಳು ಮೊಣಕೈವರೆಗೆ ಹಸಿರಾಗಿ ಒಣಗಿತ್ತು.

ಅವಳು ಅವನನ್ನೇ ನೋಡಿದಳು.

"ಏನು ನೋಡ್ತೀಯ?" ಎಂದ ಅವನು, ಗಾಜಿನ ಆಚೆ ದಾರಿಯ ಕಡೆಗೇ ಮುಖ ಇಟ್ಟು. "ನಿನ್ನ ಮೇಲೆ ಅಕ್ಕರೆ ಉಕ್ಕಿ ಬರ್ತಿಲ್ಲ. ಒಬ್ಬರು ಬಾಯಿ ಹಿಡೀಬೇಕು, ಒಬ್ಬರು ಎಣ್ಣೆ ಹುಯ್ಯಬೇಕು. ಬೇಗ ಬಿಡು."